ಮನೆಯಲ್ಲಿ ಪಾಸು, ಮುಚ್ಚಿದ ಕೋಣೆಯಲ್ಲಿ ಫೇಲು: ಒಂಬತ್ತು ಟೆಸ್ಟ್‌ಗಳ ರಿಪೇರಿ

ಅಕ್ಕನ ಮನೆ ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ಭಾವ ಪತ್ರಿಕೆ ಬಿಡಿಸಿದರೆ ಮೊದಲು ಕಣ್ಣು ಹೋಗುವುದು ಕೆಆರ್‌ಎಸ್ ನೀರಿನ ಮಟ್ಟದ ಪುಟ್ಟ ಚೌಕಕ್ಕೆ: ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಅವರ ಊರಿಗೆ ಪತ್ರಿಕೆ ತಲುಪುವಷ್ಟರಲ್ಲಿ ಒಂಬತ್ತು ಗಂಟೆಯಾಗುತ್ತದೆ. ಅಷ್ಟರಲ್ಲಿ ಗದ್ದೆಯ ಕೆಲಸ ಅರ್ಧ ಮುಗಿದಿರುತ್ತದೆ. ಹಾಗಾಗಿ ಒಂದು ಪೈಥಾನ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬೆಳಗ್ಗೆ ಆರೂವರೆಗೆ ಅದು ಅಂಕಿಗಳು ಪ್ರಕಟವಾಗುವ ಜಾಲತಾಣದಿಂದ ಪುಟ ತರಿಸಿಕೊಂಡು, ಬೇಕಾದ್ದನ್ನು ಹೆಕ್ಕಿ, ಲೆಕ್ಕ ಹಾಕಿ, ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಡಾಂಗಲ್ ಮೂಲಕ ಭಾವನಿಗೂ ಅಕ್ಕಪಕ್ಕದ ಏಳೆಂಟು ಜನರಿಗೂ ನಾಲ್ಕು ಸಾಲಿನ ಎಸ್‌ಎಂಎಸ್ ಕಳಿಸುತ್ತದೆ.

ಲೆಕ್ಕ ಸುಲಭ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡು, ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಭಾಗಿಸಿ ನೋಡಿದರೆ, ಒಳಹರಿವು ಹೊರಹರಿವಿಗಿಂತ 11,574 ಕ್ಯೂಸೆಕ್ ಹೆಚ್ಚಿರುವ ದಿನ ಅಣೆಕಟ್ಟೆಗೆ ಒಂದು ಟಿಎಂಸಿ ಸೇರುತ್ತದೆ. ತೊಡಕಿರುವುದು ಹೆಕ್ಕುವ ಕೆಲಸದಲ್ಲಿ. ಕೆಆರ್‌ಎಸ್ ಮಟ್ಟವನ್ನು ತಳದಿಂದ ಅಳೆದು ಹೇಳುತ್ತಾರೆ. ಕಬಿನಿಯ 2284, ಹೇಮಾವತಿಯ 2922, ಹಾರಂಗಿಯ 2859 ಅಡಿಗಳೆಲ್ಲ ಸಮುದ್ರಮಟ್ಟದಿಂದ. ಒಂದು ದಿನ ಅಂಕಿಯ ನಡುವೆ ಅಲ್ಪವಿರಾಮ ಇರುತ್ತದೆ, ಮರುದಿನ ಇರುವುದಿಲ್ಲ. ಒಂದೊಂದು ಎಡವಟ್ಟಿಗೂ ಒಂದೊಂದು ಟೆಸ್ಟ್, ಅಂದರೆ ಪ್ರೋಗ್ರಾಂ ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಪುಟ್ಟ ಕೋಡ್, ಬರೆಯುತ್ತಾ ಹೋಗಿ 143 ಆಗಿದ್ದವು. ಮೈಸೂರಿನ ನಮ್ಮ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ, 143ಕ್ಕೆ 143 ಪಾಸು. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಪ್ರತಿ ಸಲ ಊರಿಗೆ ಹೋದಾಗ ಪೆನ್‌ಡ್ರೈವಿನಿಂದ ಫೈಲ್ ನಕಲು ಮಾಡುವುದು ಸಾಕಾಗಿತ್ತು. ಭಾವನ ಲ್ಯಾಪ್‌ಟಾಪಿನಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆ. ಸರಸ್ವತಿಪುರದಲ್ಲಿರುವ ಗೆಳತಿಯೊಬ್ಬಳು ಪ್ರೋಗ್ರಾಂಗಳನ್ನು ಸುಲಭವಾಗಿ ಹಾಕಿಕೊಳ್ಳಬಹುದಾದ ಪ್ಯಾಕೇಜ್ ಆಗಿ ಕಟ್ಟುವುದರಲ್ಲಿ ಪಳಗಿದವಳು. "ಸರಿಯಾಗಿ ಪ್ಯಾಕೇಜ್ ಮಾಡಿಬಿಡು, ಆಮೇಲೆ ಒಂದು ಆಜ್ಞೆಯಲ್ಲಿ ಅಪ್‌ಡೇಟ್ ಆಗುತ್ತದೆ" ಎಂದಳು. ಪ್ಯಾಕೇಜ್ ಕಟ್ಟುವ, ಅಂದರೆ ಬಿಲ್ಡ್ ಮಾಡುವ, ಕಟ್ಟುವಾಗ ಟೆಸ್ಟ್‌ಗಳೂ ಓಡುವ ಪಿಬಿಲ್ಡರ್ ಎಂಬ ಸಾಧನ ಹಾಕಿಕೊಂಡು ಶನಿವಾರ ರಾತ್ರಿ ಕೂತೆ.

ಶನಿವಾರ, ರಾತ್ರಿ 9.40

ಮೊದಲ ಬಿಲ್ಡ್. ಏಳು ನಿಮಿಷ ಓಡಿ ನಿಂತಿತು. 134 ಪಾಸು, 9 ಫೇಲು.

ಪಿಬಿಲ್ಡರ್ ಮಾಡುವುದು ಇಷ್ಟು: ಖಾಲಿ ಡೆಬಿಯನ್ ಒಂದನ್ನು ಬಿಚ್ಚಿ, ಬೇಕಾದ ಪ್ಯಾಕೇಜ್‌ಗಳನ್ನು ಅದರೊಳಗೆ ಹಾಕಿ, ಆಮೇಲೆ ಬಿಲ್ಡ್ ಶುರುವಾಗುವಾಗ ಹೊರಗಿನ ನೆಟ್‌ವರ್ಕಿನ ಬಾಗಿಲು ಮುಚ್ಚುತ್ತದೆ. ತೆರೆದೇ ಇರಲಿ ಎಂದರೆ ಸೆಟ್ಟಿಂಗ್ ಬದಲಿಸಬೇಕು. ಒಂದೇ ಸಾಲಿನ ಬದಲಾವಣೆ. ಆ ರಾತ್ರಿ ಕೈ ಅತ್ತ ಹೋಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಡೆಬಿಯನ್ ನಿಯಮಾವಳಿಯಲ್ಲೇ ಬಿಲ್ಡ್ ವೇಳೆ ಲೂಪ್‌ಬ್ಯಾಕ್ (ಯಂತ್ರ ತನ್ನೊಂದಿಗೆ ತಾನೇ ಮಾತನಾಡುವ ಒಳದಾರಿ) ಬಿಟ್ಟು ಬೇರೆ ನೆಟ್‌ವರ್ಕ್ ಮುಟ್ಟಬಾರದು ಎಂದಿದೆ. ಕಾರಣವೂ ಸರಿಯೇ. ಬಿಲ್ಡ್ ನಡುವೆ ಹೊರಗಿನಿಂದ ಏನೋ ಇಳಿದು ಬಂದರೆ, ಇಂದು ಕಟ್ಟಿದ್ದನ್ನೇ ನಾಳೆ ಕಟ್ಟುತ್ತೇವೆ ಎಂಬ ಭರವಸೆ ಇರುವುದಿಲ್ಲ. ಇಳಿದು ಬಂದದ್ದು ಏನು ಎಂಬುದೂ ಗೊತ್ತಿರುವುದಿಲ್ಲ.

ಗೆಳತಿಗೆ ಫೋನ್ ಮಾಡಿದೆ. "ಆ ಒಂಬತ್ತಕ್ಕೂ ನೆಟ್‌ವರ್ಕ್ ಎಂದು ಗುರುತು ಹಾಕಿ ಬಿಟ್ಟುಬಿಡು, ಎಲ್ಲರೂ ಹಾಗೆಯೇ ಮಾಡುತ್ತಾರೆ" ಎಂದಳು. ನನಗೆ ಒಪ್ಪಿಗೆಯಾಗಲಿಲ್ಲ. ನನ್ನ ಎಣಿಕೆಯಲ್ಲಿ ಜಾಲತಾಣವನ್ನು ಮುಟ್ಟುವುದು ಮೂರೇ ಟೆಸ್ಟ್. ಉಳಿದ ಆರು ಯಾಕೆ ಬಿದ್ದವು ಎಂದು ತಿಳಿಯದೆ ಗುರುತು ಹಾಕುವುದು, ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟು ಮಲಗಿದ ಹಾಗೆ.

ಲಾಗ್ ಓದಿ, ಮದುವೆ ಕರೆಯೋಲೆಯೊಂದರ ಹಿಂಬದಿಯಲ್ಲಿ ಬರೆದುಕೊಂಡೆ. ಲಿನಕ್ಸ್‌ನ ತಪ್ಪು ಸಂಖ್ಯೆಗಳನ್ನು ಬರೆದುಕೊಳ್ಳುವ ಅಭ್ಯಾಸ ಒಳ್ಳೆಯದು. ಬಿದ್ದ ಟೆಸ್ಟ್‌ಗಳೆಲ್ಲ ನೋಡಲು ಒಂದೇ ತರಹ ಕೆಂಪಗಿದ್ದರೂ ಸಂಖ್ಯೆಗಳು ಬೇರೆ ಬೇರೆ ಇರುತ್ತವೆ. ಆರು ಟೆಸ್ಟ್‌ಗಳಲ್ಲಿ 111, ಅಂದರೆ ಸಂಪರ್ಕ ನಿರಾಕರಿಸಲಾಗಿದೆ. ಎರಡರಲ್ಲಿ 101, ಅಂದರೆ ಆ ಜಾಲಕ್ಕೆ ದಾರಿಯೇ ಇಲ್ಲ. ಒಂದರಲ್ಲಿ ಮೈನಸ್ 3, ಅಂದರೆ ಹೆಸರು ಹುಡುಕುವುದರಲ್ಲಿ ತಾತ್ಕಾಲಿಕ ವಿಫಲತೆ.

111 ಬಂದ ಆರರಲ್ಲಿ ಮೂರು ಹೊರಗಿನ ಜಾಲತಾಣ ಮುಟ್ಟುವವು. ಉಳಿದ ಮೂರು ಹೊರಗೆ ಹೋಗುವುದೇ ಇಲ್ಲ. ಟೆಸ್ಟ್ ಒಳಗೇ ಒಂದು ಪುಟ್ಟ ಸರ್ವರ್ ಎಬ್ಬಿಸಿ, 127.0.0.1ರಲ್ಲಿ, ಅಂದರೆ ಯಂತ್ರದ ಸ್ವಂತ ಒಳವಿಳಾಸದಲ್ಲಿ, ಅದರ ಜೊತೆ ತಾವೇ ಮಾತನಾಡಿಕೊಳ್ಳುತ್ತವೆ. ಅಡುಗೆಮನೆಯಿಂದ ಪಡಸಾಲೆಗೆ ಹೋಗಲು ಬೀದಿ ಬಾಗಿಲು ಮುಚ್ಚಿದ್ದರೇನು?

ಭಾನುವಾರ, ಬೆಳಗ್ಗೆ 7

ಪ್ರತಿ ಪ್ರಯೋಗಕ್ಕೂ ಏಳು ನಿಮಿಷ ಕಾಯಲಾಗದು. ಬಿಲ್ಡ್ ಯಂತ್ರದ ಪರಿಸ್ಥಿತಿಯನ್ನು ನನ್ನ ಟರ್ಮಿನಲ್‌ನಲ್ಲೇ ತಂದುಕೊಳ್ಳಲು ಅನ್‌ಶೇರ್ ಎಂಬ ಆಜ್ಞೆ ಇದೆ. ಆರ್ ಮತ್ತು ಎನ್ ಆಯ್ಕೆಗಳನ್ನು ಕೊಟ್ಟು ಅದರಿಂದ ಶೆಲ್ (ಆಜ್ಞೆ ಟೈಪಿಸುವ ಜಾಗ) ತೆರೆದರೆ, ಆ ಶೆಲ್ಲಿಗೆ ತನ್ನದೇ ಬೇರೆ ನೆಟ್‌ವರ್ಕ್ ಲೋಕ ಸಿಗುತ್ತದೆ. ರೂಟ್ ಪಾಸ್‌ವರ್ಡ್ ಕೂಡ ಬೇಡ. ವೈಫೈ ಇಲ್ಲ, ಕೇಬಲ್ ಇಲ್ಲ. ಲೋ ಎಂಬ ಲೂಪ್‌ಬ್ಯಾಕ್ ಮಾತ್ರ ಇರುತ್ತದೆ.

ಅದರೊಳಗೆ ಟೆಸ್ಟ್ ಓಡಿಸಿದೆ. ಸ್ಥಳೀಯ ಸರ್ವರಿನ ಮೂರೂ ಬಿದ್ದವು. ಸಿಕ್ಕಿತು ಎಂದು ಕಾಫಿಗೆ ಎದ್ದೆ. ಹೊಸ ನೆಟ್‌ವರ್ಕ್ ಲೋಕದಲ್ಲಿ ಲೋ ಇರುತ್ತದೆ, ಆದರೆ ಮಲಗಿರುತ್ತದೆ. ಅದನ್ನು ಯಾರಾದರೂ ಎಬ್ಬಿಸುವ ತನಕ 127.0.0.1 ಎಂಬ ವಿಳಾಸವೇ ಇರುವುದಿಲ್ಲ. ಪಿಬಿಲ್ಡರ್ ಅದನ್ನು ಎಬ್ಬಿಸಲು ಮರೆತಿರಬೇಕು ಎಂದು ತೀರ್ಮಾನಿಸಿ, ಮನಸ್ಸಿನಲ್ಲೇ ದೋಷ ವರದಿ ಬರೆಯಲೂ ಶುರುಮಾಡಿದ್ದೆ.

ಕಾಫಿ ಆರಿಸಿಕೊಳ್ಳುತ್ತಾ ಕರೆಯೋಲೆಯ ಹಿಂಬದಿ ನೋಡಿದೆ. ಪಿಬಿಲ್ಡರಿನಲ್ಲಿ ಬಂದದ್ದು 111. ಇಲ್ಲಿ ಬಂದಿರುವುದು 99, ಅಂದರೆ ಕೇಳಿದ ವಿಳಾಸ ಕೊಡಲಾಗದು. ಅದೂ ಸರ್ವರ್ ಬಾಗಿಲು ತೆರೆಯುವ ಹಂತದಲ್ಲೇ. ಪಿಬಿಲ್ಡರಿನಲ್ಲಿ ಸರ್ವರ್ ಎದ್ದಿತ್ತು, ಮಾತನಾಡಿಸಲು ಹೋದಾಗ ನಿರಾಕರಣೆ ಸಿಕ್ಕಿತ್ತು. ಎರಡೂ ಬೇರೆ ರೋಗ. ಸಂಖ್ಯೆ ಬರೆದಿಟ್ಟುಕೊಳ್ಳದಿದ್ದರೆ ಆ ಭಾನುವಾರವೆಲ್ಲ ಪಿಬಿಲ್ಡರಿನವರ ಮೇಲೆ ಹಲ್ಲು ಮಸೆಯುತ್ತಾ ಕಳೆಯುತ್ತಿದ್ದೆ. ಪಿಬಿಲ್ಡರ್ ಲೋ ಎಬ್ಬಿಸಿಯೇ ಇತ್ತು.

ಐಪಿ ಆಜ್ಞೆಯಿಂದ ಲೋ ಎಬ್ಬಿಸಿ ಮತ್ತೆ ಓಡಿಸಿದೆ. ಈಗ ಸ್ಥಳೀಯ ಮೂರೂ ಪಾಸು. ಒಟ್ಟು ಫೇಲು ಆರು. ಪಿಬಿಲ್ಡರಿನಲ್ಲಿ ಒಂಬತ್ತು, ನನ್ನ ನಕಲಿ ಕೋಣೆಯಲ್ಲಿ ಆರು. ಹಾಗಾದರೆ ಎರಡು ಕೋಣೆಗಳ ನಡುವೆ ನೆಟ್‌ವರ್ಕ್ ಅಲ್ಲದ ಇನ್ನೇನೋ ವ್ಯತ್ಯಾಸ ಇದೆ.

ಇಲ್ಲಿ ಇನ್ನೊಂದು ಸುಳಿವು ಕಣ್ಣೆದುರೇ ಇತ್ತು. ಹಿಂದಿನ ರಾತ್ರಿಯೇ ಕಾಣಬೇಕಿತ್ತು. ನನ್ನ ಕೋಣೆಯಲ್ಲಿ ಹೊರಗಿನ ಜಾಲತಾಣದ ಮೂರು ಟೆಸ್ಟ್‌ಗಳು ಮೈನಸ್ 3 ಎಂದು ಸತ್ತಿದ್ದವು. ಅದು ಸಹಜ. ಹೆಸರು ಹುಡುಕಿಕೊಡುವ ಡಿಎನ್‌ಎಸ್ ಸರ್ವರೇ ಸಿಗದಿದ್ದರೆ ಅಲ್ಲಿಗೇ ಕಥೆ ಮುಗಿಯಬೇಕು. ಆದರೆ ಪಿಬಿಲ್ಡರಿನಲ್ಲಿ ಅವೇ ಮೂರು 111 ಎಂದು ಸತ್ತಿವೆ. ನಿರಾಕರಿಸಬೇಕಾದರೆ ಆ ಕಡೆ ಯಾರಾದರೂ ಇರಬೇಕು. ಯಾರೂ ಇಲ್ಲದ ಕೋಣೆಯಲ್ಲಿ "ಆಗುವುದಿಲ್ಲ ಹೋಗು" ಎಂದವರು ಯಾರು?

ಭಾನುವಾರ, 10.30

ಎಸ್‌ಟ್ರೇಸನ್ನು ಬಿಲ್ಡ್ ಅಗತ್ಯಗಳ ಪಟ್ಟಿಗೆ ತಾತ್ಕಾಲಿಕವಾಗಿ ಸೇರಿಸಿ, ನೆಟ್‌ವರ್ಕಿಗೆ ಸಂಬಂಧಿಸಿದ ಕರೆಗಳನ್ನು ಮಾತ್ರ ದಾಖಲಿಸುವಂತೆ ಹೇಳಿ, ಪಿಬಿಲ್ಡರಿನೊಳಗೆ ಒಂದೇ ಟೆಸ್ಟ್ ಓಡಿಸಿದೆ. ಪ್ರೋಗ್ರಾಂ ಕರ್ನಲ್ಲಿಗೆ (ಲಿನಕ್ಸ್‌ನ ತಿರುಳಿಗೆ) ನಿಜವಾಗಿ ಏನು ಕೇಳಿತು ಎಂಬುದನ್ನು ಎಸ್‌ಟ್ರೇಸ್ ಅಕ್ಷರಶಃ ಬರೆದಿಡುತ್ತದೆ. ಪೈಥಾನ್ ಹೇಳುವುದು "ನಿರಾಕರಿಸಲಾಗಿದೆ" ಎಂದಷ್ಟೇ. ಯಾವ ಪೋರ್ಟಿನಲ್ಲಿ, ಅಂದರೆ ವಿಳಾಸದ ಯಾವ ಸಂಖ್ಯೆಯ ಬಾಗಿಲಲ್ಲಿ, ಎಂದು ಪುಟ ತರಿಸುವ ಪೈಥಾನ್ ಲೈಬ್ರರಿ ಯುಆರ್‌ಎಲ್‌ಲಿಬ್ ಹೇಳುವುದಿಲ್ಲ.

ಟೆಸ್ಟಿನ ಸರ್ವರ್ ಎದ್ದಿದ್ದದ್ದು 40 ಸಾವಿರದ ಆಸುಪಾಸಿನ ಪೋರ್ಟಿನಲ್ಲಿ. ಪ್ರೋಗ್ರಾಂ ಹೋಗಿ ಬಡಿದದ್ದು 127.0.0.1ರ ಪೋರ್ಟ್ 9ರ ಬಾಗಿಲು. ಆ ಸಾಲನ್ನು ಎರಡು ಸಲ ಓದಿದೆ. ಒಂಬತ್ತು ಎಂಬ ಅಂಕಿ ನನ್ನ ಕೋಡಿನಲ್ಲಿ ಎಲ್ಲೂ ಇಲ್ಲ.

ಪೋರ್ಟ್ 9 ಹಳೆಯ ಕಾಲದ ಡಿಸ್ಕಾರ್ಡ್ ಸೇವೆಯದು. 1983ರಲ್ಲಿ ಬರೆದಿಟ್ಟ ಶಿಷ್ಟಾಚಾರ. ಬಂದದ್ದನ್ನೆಲ್ಲ ಓದಿ ಎಸೆದುಬಿಡುವುದಷ್ಟೇ ಅದರ ಕೆಲಸ. ಈಗ ಅಲ್ಲಿ ಸಾಮಾನ್ಯವಾಗಿ ಯಾರೂ ಕೂತಿರುವುದಿಲ್ಲ. ಡೆಬಿಯನ್‌ನಲ್ಲಿ ಪೈಥಾನ್ ಪ್ಯಾಕೇಜ್‌ಗಳನ್ನು ಕಟ್ಟುವ ಪೈಬಿಲ್ಡ್ ಬೇಕೆಂದೇ ಪ್ರಾಕ್ಸಿ (ನಮ್ಮ ಪರವಾಗಿ ಹೊರಗೆ ಹೋಗಿ ಬರುವ ಮಧ್ಯವರ್ತಿ) ಎಂಬ ಪರಿಸರ ಚರಾಂಶಕ್ಕೆ, ಅಂದರೆ ಪ್ರೋಗ್ರಾಂಗಳು ಓದಿಕೊಳ್ಳುವ ಸೆಟ್ಟಿಂಗಿಗೆ, ಆ ವಿಳಾಸ ತುಂಬುತ್ತದೆ. ಬಿಲ್ಡ್ ನಡುವೆ ಯಾವುದಾದರೂ ಸಾಧನ ಕದ್ದುಮುಚ್ಚಿ ಹೊರಗಿನಿಂದ ಲೈಬ್ರರಿ ಇಳಿಸಲು ನೋಡಿದರೆ, ಹೆಸರು ಹುಡುಕುತ್ತಾ ನಿಮಿಷಗಟ್ಟಲೆ ಕಾಯದೆ, ತಕ್ಷಣ ಗೋಡೆಗೆ ಬಡಿದು ಬೀಳಲಿ ಎಂಬ ಉಪಾಯ. ಜಾಣತನದ ಕೆಲಸವೇ. ಆದರೆ ಯುಆರ್‌ಎಲ್‌ಲಿಬ್ ಆ ಚರಾಂಶವನ್ನು ವಿಧೇಯವಾಗಿ ಪಾಲಿಸುತ್ತದೆ. ಪ್ರಾಕ್ಸಿ ಬೇಡದ ವಿಳಾಸಗಳ ಪಟ್ಟಿಯನ್ನು ಬೇರೆಯಾಗಿ ಕೊಡದಿದ್ದರೆ, 127.0.0.1ಕ್ಕೆ ಹೋಗುವ ಮಾತನ್ನೂ ಪ್ರಾಕ್ಸಿಯ ಕೈಗೇ ಒಪ್ಪಿಸುತ್ತದೆ. ಪಡಸಾಲೆಗೆ ಹೋಗುವವರನ್ನೂ ಬೀದಿ ಬಾಗಿಲ ಕಾವಲುಗಾರನ ಹತ್ತಿರ ಚೀಟಿ ತರಲು ಕಳಿಸಿದಂತೆ. ಕಾವಲುಗಾರನೂ ಅಲ್ಲಿಲ್ಲ.

ನನ್ನ ನಕಲಿ ಕೋಣೆಯಲ್ಲಿ ಅದೇ ಚರಾಂಶ ಇಟ್ಟು ಓಡಿಸಿದೆ. ಒಂಬತ್ತು ಫೇಲು, ಸಂಖ್ಯೆಗಳೂ ತಾಳೆಯಾದವು. ಏಳು ನಿಮಿಷದ ಬಿಲ್ಡ್ ಈಗ ಹನ್ನೊಂದು ಸೆಕೆಂಡಿನ ಪ್ರಯೋಗ. ದುರಸ್ತಿಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಗಳಿಗೆ ಇದೇ, ಇನ್ನೂ ಒಂದೂ ಸರಿಯಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಸ್ಥಳೀಯ ಮೂರರ ಪರಿಹಾರ ಎರಡು ಸಾಲು. ಟೆಸ್ಟ್ ಶುರುವಾಗುವ ಮೊದಲು ಟೆಸ್ಟ್ ಓಡಿಸುವ ಸಾಧನ ಪೈಟೆಸ್ಟಿನ ಮಂಕಿಪ್ಯಾಚ್ ಮೂಲಕ ಪ್ರಾಕ್ಸಿ ಚರಾಂಶಗಳನ್ನು ತೆಗೆದುಹಾಕುವುದು. ಟೆಸ್ಟ್ ಮುಗಿದ ಮೇಲೆ ಅದು ತಾನೇ ಅವನ್ನು ಮರಳಿ ಇಡುತ್ತದೆ. ಪ್ರೋಗ್ರಾಂ ಒಳಗೇ ಪ್ರಾಕ್ಸಿಯನ್ನು ಕಡೆಗಣಿಸುವಂತೆ ಬರೆಯಬಹುದಿತ್ತು, ಬರೆಯಲಿಲ್ಲ. ನಾಳೆ ಯಾರಾದರೂ ಇದನ್ನು ಪ್ರಾಕ್ಸಿ ಇರುವ ಕಚೇರಿಯಿಂದ ಓಡಿಸಿದರೆ ಅವರಿಗೆ ಅದು ಬೇಕು.

ಭಾನುವಾರ, ಮಧ್ಯಾಹ್ನ

ಹೊರಗಿನ ಜಾಲತಾಣ ಮುಟ್ಟುವ ಮೂರು. ಒಂದು ದಿನದ ಪುಟವನ್ನು ಹಾಗೆಯೇ ಉಳಿಸಿ ಟೆಸ್ಟ್ ಫೋಲ್ಡರಿಗೆ ಹಾಕಿ, ಅದನ್ನು ಸ್ಥಳೀಯ ಸರ್ವರಿನಿಂದ ಬಡಿಸಿದೆ. ಪೋರ್ಟ್ ಸಂಖ್ಯೆ ನಾನು ಆರಿಸಲಿಲ್ಲ. ಸೊನ್ನೆ ಎಂದು ಕೊಟ್ಟರೆ ಖಾಲಿ ಇರುವುದನ್ನು ಕರ್ನಲ್ಲೇ ಹುಡುಕಿಕೊಡುತ್ತದೆ. ಒಂದೇ ಯಂತ್ರದಲ್ಲಿ ಎರಡು ಬಿಲ್ಡ್ ಒಟ್ಟಿಗೆ ನಡೆದರೂ ಜಗಳವಿಲ್ಲ. ಈ ಮೂರರಿಂದ ನನ್ನ ಹಳೆಯ ಒಂದು ಭ್ರಮೆಯೂ ಹೋಯಿತು. ಅವುಗಳಲ್ಲೊಂದು "ಕೆಆರ್‌ಎಸ್ ಮಟ್ಟ 60ರಿಂದ 124.80ರ ಒಳಗೆ ಇರಬೇಕು" ಎಂದು ಪರೀಕ್ಷಿಸುತ್ತಿತ್ತು. ಅದು ನನ್ನ ಕೋಡನ್ನು ಪರೀಕ್ಷಿಸುತ್ತಿತ್ತೋ ಕೊಡಗಿನ ಮಳೆಯನ್ನೋ? ಉಳಿಸಿದ ಪುಟದಲ್ಲಿ ಅಂಕಿ ಎಷ್ಟೆಂದು ಗೊತ್ತಿರುವುದರಿಂದ ಈಗ ದಶಾಂಶದವರೆಗೆ ನಿಖರವಾಗಿ ಕೇಳಬಹುದು.

ಜಾಲತಾಣದ ವಿನ್ಯಾಸ ಬದಲಾದರೆ ತಿಳಿಯಬೇಕಲ್ಲ ಎಂದು, ನಿಜವಾಗಿ ಹೊರಗೆ ಹೋಗುವ ಒಂದು ಟೆಸ್ಟನ್ನು ಬೇರೆ ಗುರುತಿನೊಂದಿಗೆ ಉಳಿಸಿಕೊಂಡೆ. ಅದನ್ನು ನಾನೇ ಕೈಯಿಂದ ಓಡಿಸುತ್ತೇನೆ. ಗೆಳತಿಯ ಮಾತಿಗೆ ಅಷ್ಟರ ಮಟ್ಟಿಗೆ ಬೆಲೆ ಕೊಟ್ಟಂತಾಯಿತು.

ಮುಂದಿನದು 101ರ ಒಂದು. ಸಂದೇಶ ಯಾವ ಯಂತ್ರದಿಂದ ಹೋಯಿತು ಎಂದು ದಾಖಲೆಯಲ್ಲಿ ಬರೆಯಲು, ಸ್ವಂತ ಐಪಿ ವಿಳಾಸ ಹುಡುಕುವ ಫಂಕ್ಷನ್ ಒಂದನ್ನು ಹಿಂದೆ ಎಲ್ಲಿಂದಲೋ ಎತ್ತಿಕೊಂಡು ಹಾಕಿದ್ದೆ. ಅದು ಮಾಡುವುದು ವಿಚಿತ್ರ ಕೆಲಸ. ಯುಡಿಪಿ ಎಂಬ ಬಗೆಯ ಸಾಕೆಟ್ (ನೆಟ್‌ವರ್ಕಿನಲ್ಲಿ ಮಾತನಾಡುವ ತುದಿ) ತೆರೆದು ಹೊರಗಿನ 8.8.8.8 ವಿಳಾಸಕ್ಕೆ ಸಂಪರ್ಕ ಕೊಡು ಎನ್ನುತ್ತದೆ, ಆಮೇಲೆ ನನ್ನ ಕಡೆಯ ವಿಳಾಸ ಏನಾಯಿತು ಎಂದು ಕೇಳುತ್ತದೆ. ಯುಡಿಪಿಯಲ್ಲಿ ಸಂಪರ್ಕ ಎಂದರೆ ಒಂದು ಪ್ಯಾಕೆಟ್ ಕೂಡ ಹೊರಗೆ ಹೋಗುವುದಿಲ್ಲ. ಅಲ್ಲಿಗೆ ಯಾವ ದಾರಿ ಎಂದು ಕರ್ನಲ್ ತನ್ನ ಪಟ್ಟಿ ನೋಡಿಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಇದು ನೆಟ್‌ವರ್ಕ್ ಬಳಸುವುದಿಲ್ಲ ಎಂದೇ ನಂಬಿದ್ದೆ. ದಾರಿಯೇ ಇಲ್ಲದ ಕೋಣೆಯಲ್ಲಿ ದಾರಿ ಯಾವುದು ಎಂದು ಕೇಳಿದರೂ 101 ಬರುತ್ತದೆ. ದುರಸ್ತಿ ಮಾಡುವ ಬದಲು ಫಂಕ್ಷನ್ನನ್ನೇ ಕಿತ್ತು ಹಾಕಿದೆ. ಅದು ಕೊಡುತ್ತಿದ್ದದ್ದು ರೌಟರ್ ಹಂಚಿದ 192.168ರ ವಿಳಾಸ. ಊರಿನ ಮನೆಯಲ್ಲೂ ಇಲ್ಲೂ ಹೆಚ್ಚೂಕಡಿಮೆ ಒಂದೇ. ಯಾರಿಗೂ ಉಪಯೋಗವಿರಲಿಲ್ಲ.

ಎರಡನೆಯ 101, ಕಾಯುವ ಅವಧಿಯ ಟೆಸ್ಟ್. ಡಾಂಗಲನ್ನು ನಡೆಸುವ ಸಣ್ಣ ಸರ್ವರಿಗೆ ಪ್ರೋಗ್ರಾಂ ಒಂದು ಸಾಲು ಕಳಿಸಿ ಎರಡು ಸೆಕೆಂಡು ಉತ್ತರಕ್ಕೆ ಕಾಯುತ್ತದೆ, ಬಾರದಿದ್ದರೆ ಬಿಡುತ್ತದೆ. ಇದನ್ನು ಪರೀಕ್ಷಿಸಲು ಉತ್ತರಿಸದ ವಿಳಾಸ ಬೇಕಿತ್ತು, 10.255.255.1 ಎಂದು ಹಾಕಿದ್ದೆ. ನಮ್ಮ ಮನೆಯಲ್ಲಿ ಅಲ್ಲಿ ಯಾರೂ ಇಲ್ಲ, ಪ್ಯಾಕೆಟ್ ಹೋಗಿ ಮಾಯವಾಗುತ್ತದೆ. ಆದರೆ 10ರಿಂದ ಶುರುವಾಗುವ ವಿಳಾಸಗಳು ಖಾಸಗಿ ಜಾಲಗಳಿಗೆ ಮೀಸಲು. ಬೇರೆ ಕಚೇರಿಯಲ್ಲಿ ಅದೇ ವಿಳಾಸದಲ್ಲಿ ಪ್ರಿಂಟರ್ ಕೂತಿರಬಹುದು. ಮುಚ್ಚಿದ ಕೋಣೆಯಲ್ಲಂತೂ ಕಾಯುವ ಮಾತೇ ಇಲ್ಲ, ತಕ್ಷಣ 101.

ಇದಕ್ಕೆ ಸಿಕ್ಕ ಉತ್ತರ ಚೆನ್ನಾಗಿದೆ. ಸ್ಥಳೀಯವಾಗಿ ಒಂದು ಸಾಕೆಟ್ ತೆರೆದು ಕಿವಿಗೊಟ್ಟು ಕೂರಿಸುವುದು, ಬಂದ ಸಂಪರ್ಕವನ್ನು ಸ್ವೀಕರಿಸದೇ ಇರುವುದು. ನಾವು ಸ್ವೀಕರಿಸದಿದ್ದರೂ ಟಿಸಿಪಿ ಎಂಬ ಸಂಪರ್ಕ ಶಿಷ್ಟಾಚಾರದ ಕೈಕುಲುಕುವ ಶಾಸ್ತ್ರವನ್ನು ಕರ್ನಲ್ಲೇ ಪೂರೈಸಿ ಸರದಿಯಲ್ಲಿ ನಿಲ್ಲಿಸುತ್ತದೆ. ಆ ಕಡೆಯವರಿಗೆ ಸಂಪರ್ಕ ಸಿಕ್ಕಿತು ಎನಿಸುತ್ತದೆ, ಬರೆದದ್ದೂ ಹೋಗುತ್ತದೆ, ಉತ್ತರ ಮಾತ್ರ ಎಂದಿಗೂ ಬರುವುದಿಲ್ಲ. ಕೌಂಟರಿನ ಮುಂದೆ ಟೋಕನ್ ಕೊಟ್ಟು ಕೂರಿಸಿ ಒಳಗೆ ಊಟಕ್ಕೆ ಹೋದ ಗುಮಾಸ್ತನ ಹಾಗೆ. ಜಗತ್ತಿನ ಯಾವ ಯಂತ್ರದಲ್ಲಾದರೂ ಈ ಟೆಸ್ಟ್ ಒಂದೇ ರೀತಿ ನಡೆಯುತ್ತದೆ. ಎರಡು ಸೆಕೆಂಡನ್ನು ಟೆಸ್ಟಿನಲ್ಲಿ 0.2ಕ್ಕೆ ಇಳಿಸಿದೆ.

ಇನ್ನು ಮೈನಸ್ 3. ಸೆಟ್ಟಿಂಗ್ ಫೈಲಿನಲ್ಲಿ ಜಾಲತಾಣದ ಹೆಸರನ್ನು ತಪ್ಪಾಗಿ ಬರೆದಿದ್ದರೆ "ಹೆಸರು ಸರಿಯಿದೆಯೇ ನೋಡಿ" ಎನ್ನುವ ಫಂಕ್ಷನ್‌ನ ಟೆಸ್ಟ್ ಇದು. ಇದರದ್ದು ಹಳೆಯ ರಗಳೆ. ಮೊದಲು ಬಾಯಿಗೆ ಬಂದ ಯಾವುದೋ ಇಲ್ಲದ ಹೆಸರು ಹಾಕಿದ್ದೆ. ಆಗ ಮನೆಯಲ್ಲೇ ಫೇಲಾಗುತ್ತಿತ್ತು. ಕಾರಣ, ಆಗ ನಮಗೆ ಇಂಟರ್ನೆಟ್ ಕೊಡುತ್ತಿದ್ದ ಕಂಪನಿ ಇಲ್ಲದ ಹೆಸರು ಕೇಳಿದರೂ "ಇಲ್ಲ" ಎನ್ನದೆ ತನ್ನ ಜಾಹೀರಾತು ಪುಟದ ವಿಳಾಸ ಕೊಡುತ್ತಿತ್ತು. ಈ ಬುದ್ಧಿ ಹೊಸದಲ್ಲ. 2003ರ ಸೆಪ್ಟೆಂಬರ್‌ನಲ್ಲಿ ವೆರಿಸೈನ್ ಇಡೀ ಡಾಟ್ ಕಾಮ್ ಮತ್ತು ಡಾಟ್ ನೆಟ್‌ಗೆ ಹೀಗೆಯೇ ಮಾಡಿ, ಗಲಾಟೆಯಾಗಿ ಮರು ತಿಂಗಳು ನಿಲ್ಲಿಸಬೇಕಾಯಿತು. ನಾನು ಆಮೇಲೆ ಡಾಟ್ ಇನ್‌ವ್ಯಾಲಿಡ್‌ಗೆ ಬದಲಾಯಿಸಿದ್ದೆ. ಎಂದಿಗೂ ಯಾರಿಗೂ ಕೊಡಬಾರದು ಎಂದು 1999ರಲ್ಲೇ ಮೀಸಲಿಟ್ಟ ಕೊನೆಹೆಸರು ಅದು.

ಆದರೂ ಮುಚ್ಚಿದ ಕೋಣೆಯಲ್ಲಿ ಬಿತ್ತು. "ಈ ಹೆಸರು ಇಲ್ಲ" ಎನ್ನುವುದು ಮೈನಸ್ 2. "ಕೇಳಲು ಯಾರೂ ಸಿಗಲಿಲ್ಲ, ಆಮೇಲೆ ಬಾ" ಎನ್ನುವುದು ಮೈನಸ್ 3. ಇಲ್ಲ ಎಂದು ಹೇಳುವುದಕ್ಕೂ ಹೇಳುವವರೊಬ್ಬರು ಬೇಕು. ಪರಿಹಾರಕ್ಕೆ ನಿಜವಾದ ಹುಡುಕಾಟವನ್ನೇ ಟೆಸ್ಟಿನಿಂದ ತೆಗೆದು, ಹೆಸರು ಹುಡುಕುವ ಫಂಕ್ಷನ್ ಜಾಗದಲ್ಲಿ ಒಂದು ಬೊಂಬೆ ಇಟ್ಟೆ. ಒಮ್ಮೆ ಮೈನಸ್ 2 ಎಸೆಯುತ್ತದೆ, ಇನ್ನೊಮ್ಮೆ ಮೈನಸ್ 3. ಹಾಗೆ ಮಾಡಿದಾಗ ತಿಳಿಯಿತು, ಮೈನಸ್ 3 ಬಂದಾಗಲೂ ನನ್ನ ಪ್ರೋಗ್ರಾಂ "ಹೆಸರು ಸರಿಯಿದೆಯೇ ನೋಡಿ" ಎಂದೇ ಹೇಳುತ್ತಿತ್ತು. ನೆಟ್ ಇಲ್ಲದ ದಿನ ಭಾವ ಸೆಟ್ಟಿಂಗ್ ಫೈಲ್ ತೆರೆದು ಕಣ್ಣು ಕಿರಿದು ಮಾಡಿಕೊಂಡು ಅಕ್ಷರ ಎಣಿಸಬೇಕಿತ್ತು, ಪಾಪ. ಸಂದೇಶ ಬೇರೆ ಮಾಡಿದೆ.

ಭಾನುವಾರ, ಸಂಜೆ 5.15

ನಕಲಿ ಕೋಣೆಯಲ್ಲಿ ಎಲ್ಲ ಪಾಸು. ಪಿಬಿಲ್ಡರ್ ಓಡಿಸಿ, ಏಳು ನಿಮಿಷ ಕಾದು, ಅಲ್ಲೂ ಎಲ್ಲ ಪಾಸು. ಪ್ಯಾಕೇಜ್ ಸಿದ್ಧ. ಇಲ್ಲಿಗೆ ನಿಲ್ಲಿಸಬಹುದಿತ್ತು.

ಮುಂದೆ ಮತ್ತೆ ಇಂಥ ಟೆಸ್ಟ್ ನುಸುಳದಿರಲಿ ಎಂದು ಪೈಟೆಸ್ಟ್ ಸಾಕೆಟ್ ಎಂಬ ಪ್ಲಗಿನ್ ಹಾಕಿಕೊಂಡೆ. ಟೆಸ್ಟ್ ನಡೆಯುವಾಗ ಯಾರಾದರೂ ಸಾಕೆಟ್ ಮುಟ್ಟಿದರೆ ಅದು ಅಲ್ಲೇ ಹಿಡಿಯುತ್ತದೆ. 127.0.0.1ಕ್ಕೆ ಮಾತ್ರ ಬಿಡು ಎಂದು ಹೇಳಬಹುದು. ಮಾಮೂಲಿ ಶೆಲ್ಲಿನಲ್ಲಿ, ನೆಟ್ ಇರುವಾಗಲೇ, ಓಡಿಸಿದೆ.

ಒಂದು ಫೇಲು.

ಹತ್ತನೆಯದು! ಮುಚ್ಚಿದ ಕೋಣೆಯಲ್ಲಿ ಒಮ್ಮೆಯೂ ಬೀಳದ, ಮನೆಯಲ್ಲೂ ಬೀಳದ ಟೆಸ್ಟ್. ಅದರ ಹೆಸರು "ಕೆಟ್ಟ ಉತ್ತರ ಬಂದರೆ ಹಳೆಯ ಅಂಕಿ ಕೊಡಬೇಕು". ಬರೆದಾಗ ನಾನು ಅಂದುಕೊಂಡದ್ದು ಹೀಗೆ: ಜಾಲತಾಣದಲ್ಲಿ ಇಲ್ಲದ ಪುಟ ಕೇಳು, 404 ಬರುತ್ತದೆ, ಆಗ ಹಿಂದಿನ ಸಲ ಉಳಿಸಿದ ಅಂಕಿಯನ್ನು ಕೊಡುತ್ತದೆಯೇ ನೋಡು. ಮನೆಯಲ್ಲಿ ನಿಜವಾಗಿಯೂ 404 ಬರುತ್ತಿತ್ತು. ಪಿಬಿಲ್ಡರಿನಲ್ಲಿ ಪೋರ್ಟ್ 9ರ ನಿರಾಕರಣೆ ಬರುತ್ತಿತ್ತು. ನನ್ನ ಕೋಡ್ ಎರಡನ್ನೂ ಒಂದೇ ಬಲೆಯಲ್ಲಿ ಹಿಡಿಯುತ್ತಿತ್ತು. ಪೈಥಾನಿನಲ್ಲಿ 404ರ ದೋಷವೂ, ಸಂಪರ್ಕದ ದೋಷವೂ, ಕಾಯುವ ಅವಧಿ ಮುಗಿದ ದೋಷವೂ ಓಎಸ್ಎರರ್ ಎಂಬ ಒಂದೇ ಅಜ್ಜಿಯ ಮೊಮ್ಮಕ್ಕಳು. ನಾನು ಅಜ್ಜಿಯ ಹೆಸರು ಹಿಡಿದು ಕರೆದಿದ್ದೆ, ಮನೆಯವರೆಲ್ಲ ಬಂದರು. ಪ್ಲಗಿನ್ ಎಸೆಯುವ ದೋಷ ಮಾತ್ರ ಆ ವಂಶದ್ದಲ್ಲ, ರನ್‌ಟೈಮ್ ಎರರಿನ ಕಡೆಯದು. ಅದು ಬಲೆಯಿಂದ ತಪ್ಪಿಸಿಕೊಂಡು ಹೊರಗೆ ಬಂತು.

ಅಂದರೆ ನೆಟ್ ಇಲ್ಲದಿದ್ದರೂ, ಸರ್ವರ್ ಸತ್ತಿದ್ದರೂ, ಪುಟವೇ ಹೋಗಿದ್ದರೂ, ಪ್ರೋಗ್ರಾಂ ಸದ್ದಿಲ್ಲದೆ ಹಳೆಯ ಅಂಕಿ ತೆಗೆದುಕೊಡುತ್ತಿತ್ತು. ಸಂದೇಶ ತಯಾರಿಸುವ ಫಂಕ್ಷನ್ ಅದರ ಮೇಲೆ ಇವತ್ತಿನ ತಾರೀಖು ಹಾಕುತ್ತಿತ್ತು. ಎಸ್‌ಎಂಎಸ್ ಹೋಗುವುದು ಡಾಂಗಲ್ ಮೂಲಕವಾದ್ದರಿಂದ, ಮನೆಯ ಇಂಟರ್ನೆಟ್ ಸತ್ತಿದ್ದರೂ ಸಂದೇಶ ಶಿಸ್ತಾಗಿ ಹೊರಡುತ್ತಿತ್ತು.

ಆಗ ನೆನಪಾಯಿತು. ಕಳೆದ ಮಳೆಗಾಲದಲ್ಲಿ ಒಮ್ಮೆ ಭಾವ ಫೋನ್ ಮಾಡಿದ್ದರು. "ಏನಮ್ಮಾ, ಎರಡು ದಿನದಿಂದ ನಿನ್ನ ಲೆಕ್ಕ ಒಂದೇ ಹೇಳುತ್ತಿದೆಯಲ್ಲ?" ನಾನು ಲ್ಯಾಪ್‌ಟಾಪ್ ಮುಂದೆ ಕೂತು, ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ, "ಒಳಹರಿವು ಹೊರಹರಿವು ಸಮ ಇದ್ದರೆ ಮಟ್ಟ ಹಾಗೇ ನಿಲ್ಲುತ್ತದೆ ಭಾವ" ಎಂದು ಪಾಠ ಹೇಳಿದ್ದೆ. ಲೆಕ್ಕ ಸರಿಯೇ. ಆ ಎರಡು ದಿನ ಅವರ ಊರಿನಲ್ಲಿ ಗಾಳಿಮಳೆಗೆ ಕಂಬ ಬಿದ್ದು ಇಂಟರ್ನೆಟ್ ಇರಲಿಲ್ಲ ಎಂದು ಅಕ್ಕ ಬೇರೆ ಯಾವುದೋ ಮಾತಿನ ನಡುವೆ ಹೇಳಿದ್ದೂ ಈಗ ನೆನಪಿಗೆ ಬಂತು. ಎರಡನ್ನೂ ನಾನು ಕೂಡಿಸಿ ನೋಡಿರಲಿಲ್ಲ.

ರಾತ್ರಿ ಹತ್ತರವರೆಗೆ ಅದನ್ನೇ ಸರಿಮಾಡಿದೆ. ಉಳಿಸಿದ ಅಂಕಿಯ ಜೊತೆ ಈಗ ಅದರ ತಾರೀಖೂ ಉಳಿಯುತ್ತದೆ. ಹಳೆಯದನ್ನು ಕೊಡಬೇಕಾದರೆ ಸಂದೇಶದ ಮೊದಲ ಸಾಲೇ "ಹೊಸ ಅಂಕಿ ಸಿಗಲಿಲ್ಲ, ಇದು ಇಂಥ ದಿನದ್ದು" ಎನ್ನುತ್ತದೆ. ಅಣೆಕಟ್ಟೆ ತುಂಬಲು ಎಷ್ಟು ದಿನ ಎಂಬ ಸಾಲು ಅಂದು ಇರುವುದಿಲ್ಲ. ಒಂದೇ ಬಲೆಯ ಬದಲು ಮೂರು. 404ಕ್ಕೆ ಸ್ಥಳೀಯ ಸರ್ವರೇ 404 ಕೊಡುವ ಟೆಸ್ಟ್. ನಿರಾಕರಣೆಗೆ, ಒಂದು ಪೋರ್ಟ್ ತೆಗೆದು ಸಂಖ್ಯೆ ನೋಡಿಕೊಂಡು ಮುಚ್ಚಿ ಅದೇ ಬಾಗಿಲು ಬಡಿಯುವ ಟೆಸ್ಟ್. ಉತ್ತರಿಸದಿದ್ದಕ್ಕೆ ಊಟಕ್ಕೆ ಹೋದ ಗುಮಾಸ್ತ. ಹಳೆಯ ಅಂಕಿಗೆ ಇವತ್ತಿನ ತಾರೀಖು ಬೀಳಬಾರದು ಎಂಬ ಟೆಸ್ಟನ್ನು ಮೊದಲು ಹಳೆಯ ಕೋಡಿನ ಮೇಲೆ ಓಡಿಸಿ, ಅದು ಫೇಲಾಗುವುದನ್ನು ಕಣ್ಣಾರೆ ನೋಡಿ, ಆಮೇಲೆ ಹೊಸ ಕೋಡ್ ಹಾಕಿದೆ. ಈಗ ಒಟ್ಟು 147.

ಸೋಮವಾರ, ಬೆಳಗ್ಗೆ

ಕಚೇರಿಗೆ ಹೊರಡುವ ಮೊದಲು ಪಿಬಿಲ್ಡರ್ ಮತ್ತೊಮ್ಮೆ. ಅರ್ಧದಲ್ಲಿ ಕರೆಂಟು ಹೋಯಿತು. ರೌಟರ್ ಸತ್ತಿತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು. ಬಿಲ್ಡ್ ಅದನ್ನು ಗಮನಿಸಲೂ ಇಲ್ಲ. 147 ಪಾಸು.

ಭಾವನಿಗೆ ಫೋನ್ ಮಾಡಿ ಕಳೆದ ಮಳೆಗಾಲದ ತಪ್ಪು ಒಪ್ಪಿಕೊಂಡೆ. ಅಂದು ನೀವು ಹೇಳಿದ್ದೇ ಸರಿ, ಅದು ಹಳೆಯ ಅಂಕಿ ಎಂದೆ. ಅವರು ನಕ್ಕರು. "ಗೊತ್ತಿತ್ತಮ್ಮ. ಮಟ್ಟ ಹಾಗೇ ನಿಂತಿದೆ ಎಂದು ನೀನು ಹೇಳಿದೆ, ತೂಬಿನ ಹತ್ತಿರ ಹೋಗಿ ನೋಡಿದರೆ ನಾಲೆಯಲ್ಲಿ ನೀರು ಒಂದು ಗೇಣು ಏರಿತ್ತು. ನಿನ್ನ ಸಂದೇಶ ಬಂದರೂ ನಾನು ಒಮ್ಮೆ ಹೋಗಿ ನೋಡಿಕೊಂಡೇ ಬರುವುದು." ಹಾಗಾದರೆ ಅಂದೇ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಕೇಳಿದೆ. "ನೀನು ಅಷ್ಟು ಚೆನ್ನಾಗಿ ಲೆಕ್ಕ ಹೇಳುತ್ತಿದ್ದೆಯಲ್ಲ, ಮಧ್ಯೆ ಯಾಕೆ ಬಾಯಿ ಹಾಕುವುದು ಎಂದು ಸುಮ್ಮನಾದೆ" ಎಂದರು.

ಪ್ಯಾಕೇಜ್ ಪೆನ್‌ಡ್ರೈವಿನಲ್ಲಿದೆ. ಮೊದಲ ಸಲ ಹಾಕುವುದಕ್ಕೆ ಇನ್ನೊಮ್ಮೆ ಕೈಯಾರೆ ನಕಲು ಮಾಡಲೇಬೇಕು. ಮುಂದಿನ ಭಾನುವಾರ ಮದ್ದೂರಿನ ಬಸ್ಸು ಹತ್ತುತ್ತೇನೆ.